ಅರವತ್ತು ವರ್ಷದ ಲೆಕ್ಕದಲ್ಲಿ ಬಿಟ್ಟುಹೋದವರು

2012ರ ಜುಲೈ 27, ಶುಕ್ರವಾರ. ರಮಝಾನಿನ ಮೊದಲ ವಾರ ಮುಗಿಯುತ್ತಿತ್ತು. ಲಂಡನ್ನಿನ ರಾತ್ರಿ ಒಂಬತ್ತು ಗಂಟೆ ಎಂದರೆ ನಮಗೆ ನಡುರಾತ್ರಿ ಒಂದೂವರೆ. ಹೇಗೂ ಸಹರಿಗೆ ಏಳಬೇಕಲ್ಲ ಎಂದುಕೊಂಡು ಮನೆಯವರೆಲ್ಲ ಮಲಗದೆ ಟಿವಿಯ ಮುಂದೆ ಕುಳಿತಿದ್ದೆವು. ಒಲಿಂಪಿಕ್ಸ್ ಉದ್ಘಾಟನೆ. ಪರದೆಯ ಮೇಲೆ ಜೇಮ್ಸ್ ಬಾಂಡ್ ಪಾತ್ರಧಾರಿ ಬಕಿಂಗ್‌ಹ್ಯಾಮ್ ಅರಮನೆಗೆ ಹೋಗಿ ಎರಡನೇ ಎಲಿಝಬೆತ್ ರಾಣಿಯನ್ನು ಹೆಲಿಕಾಪ್ಟರಿನಲ್ಲಿ ಕರೆತಂದ. ಕ್ರೀಡಾಂಗಣದ ಮೇಲೆ ಬಂದಾಗ ರಾಣಿಯ ಉಡುಪಿನ ಆಕೃತಿಯೊಂದು ಪ್ಯಾರಾಚೂಟ್ ಬಿಚ್ಚಿ ಕೆಳಗೆ ಹಾರಿತು. ‘ಅಯ್ಯೋ, ಮಲಿಕಾ ಹಾರಿಯೇಬಿಟ್ಟಳಲ್ಲ!’ ಎಂದು ಅಮ್ಮ ಉದ್ಗರಿಸಿದರು. ಹಾರಿದ್ದು ಸಾಹಸ ಕಲಾವಿದ ಎಂದು ಹೇಳಿದರೂ ಅವರು ನಂಬಲಿಲ್ಲ. ಎಂಬತ್ತಾರು ವರ್ಷದ ಅಜ್ಜಿಯೊಬ್ಬಳು ತನ್ನನ್ನೇ ತಮಾಷೆ ಮಾಡಿಕೊಳ್ಳಲು ಒಪ್ಪಿದ್ದು ಅವರಿಗೆ ಬಹಳ ಹಿಡಿಸಿತ್ತು. ನನಗೂ ಹಿಡಿಸಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಆ ವರ್ಷ ಬ್ರಿಟನ್ನಿನಲ್ಲಿ ಎರಡು ಹಬ್ಬಗಳು ಒಟ್ಟಿಗೆ ಬಂದಿದ್ದವು. ಒಂದು, ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷ ತುಂಬಿದ ವಜ್ರ ಮಹೋತ್ಸವ. ಜೂನ್ 3ರಂದು ಸುರಿವ ಮಳೆಯಲ್ಲೇ ನೂರಾರು ದೋಣಿಗಳು ಥೇಮ್ಸ್ ನದಿಯಲ್ಲಿ ಮೆರವಣಿಗೆ ಹೊರಟಿದ್ದವು. ಎರಡನೆಯದು ಒಲಿಂಪಿಕ್ಸ್. ಪಟ್ಟಾಭಿಷೇಕದ ವರ್ಷಾಚರಣೆ ಹಿಂದಿನ ಕಾಲವನ್ನು ಎಣಿಸುತ್ತದೆ. ಕ್ರೀಡಾಕೂಟ ಜಗತ್ತನ್ನೆಲ್ಲ ಮನೆಗೆ ಕರೆಯುತ್ತದೆ. ಎರಡೂ ಕೂಡಿದರೆ ಒಂದು ದೇಶ ಅತಿಥಿಗಳ ಮುಂದೆ ತನ್ನ ಆತ್ಮಕತೆಯನ್ನು ಓದಿದ ಹಾಗೆ. ಕತೆ ಬರೆಯುವ ನನ್ನಂಥವನಿಗೆ ಆತ್ಮಕತೆ ಕೇಳಿದಾಗ ಹುಟ್ಟುವ ಪ್ರಶ್ನೆಗಳು ಎರಡೇ. ಇದು ಎಲ್ಲಿಂದ ಆರಂಭವಾಯಿತು? ಯಾರನ್ನು ಬಿಟ್ಟಿತು?

ಮೊದಲು ಅದರ ಗುಣವನ್ನು ಹೇಳಬೇಕು. ಸಮಾರಂಭವನ್ನು ರೂಪಿಸಿದವರು ‘ಸ್ಲಮ್‌ಡಾಗ್ ಮಿಲಿಯನೇರ್’ ಚಿತ್ರದಿಂದ ನಮಗೆ ಪರಿಚಿತರಾದ ಡ್ಯಾನಿ ಬಾಯ್ಲ್. ದೊಡ್ಡ ದೇಶಗಳ ಉದ್ಘಾಟನೆಗಳಲ್ಲಿ ನಾವು ಕಾಣುವ ಸೈನ್ಯಶಿಸ್ತಿನ ಆರ್ಭಟ ಅಲ್ಲಿರಲಿಲ್ಲ. ಹಸಿರು ಹೊಲಗಳನ್ನು ಸೀಳಿಕೊಂಡು ಕಾರ್ಖಾನೆಯ ಚಿಮಣಿಗಳು ಎದ್ದವು. ಮೈಗೆಲ್ಲ ಮಸಿ ಬಳಿದುಕೊಂಡ ಕಾರ್ಮಿಕರು ಬಂದರು. ಮತದಾನದ ಹಕ್ಕಿಗಾಗಿ ಹೋರಾಡಿದ ಹೆಂಗಸರು ಬಂದರು. ಸಾರ್ವಜನಿಕ ಆರೋಗ್ಯ ಸೇವೆಯ ನಿಜವಾದ ದಾದಿಯರು ಮಕ್ಕಳ ಮಂಚಗಳ ನಡುವೆ ಕುಣಿದರು. 1948ರಲ್ಲಿ ಕೆರಿಬಿಯನ್ ದ್ವೀಪಗಳ ವಲಸಿಗರನ್ನು ಹೊತ್ತು ತಂದ ‘ಎಂಪೈರ್ ವಿಂಡ್‌ರಷ್’ ಹಡಗಿನ ಪ್ರತಿಕೃತಿಯೂ ಬಂತು. ಬಾಂಗ್ಲಾ ಮೂಲದ ಮುಸ್ಲಿಂ ಕುಟುಂಬದ ನೃತ್ಯಗಾರ ಅಕ್ರಮ್ ಖಾನ್ ಸಾವನ್ನೇ ವಸ್ತುವಾಗಿಟ್ಟುಕೊಂಡು ಕುಣಿದರು. ಲಂಡನ್ನಿಗೆ ಒಲಿಂಪಿಕ್ಸ್ ದಕ್ಕಿದ ಮರುದಿನವೇ, 2005ರ ಜುಲೈ 7ರಂದು, ಬಾಂಬ್ ಸ್ಫೋಟಗಳಿಗೆ 52 ಜನ ಬಲಿಯಾಗಿದ್ದರು. ಆ ನೆನಪಿನ ನಾಡಿನಲ್ಲಿ ಶೋಕದ ಭಾಗವನ್ನು ಒಬ್ಬ ಖಾನ್ ಕೈಗೆ ಒಪ್ಪಿಸುವುದು ಸಣ್ಣ ಮಾತಲ್ಲ. ಆಳುವ ಪಕ್ಷದ ಸಂಸದನೊಬ್ಬ ಇದೆಲ್ಲ ಎಡಪಂಥೀಯರ ಬಹುಸಂಸ್ಕೃತಿಯ ಕಸ ಎಂಬರ್ಥದಲ್ಲಿ ಗೊಣಗಿದ್ದ. ಅವನ ಸಿಟ್ಟೇ ಬಾಯ್ಲ್‌ಗೆ ಸಿಕ್ಕ ಒಳ್ಳೆಯ ಪ್ರಶಸ್ತಿ.

ಆದರೆ ಚಿಮಣಿಗಳನ್ನು ನೋಡುವಾಗಲೇ ನನ್ನಲ್ಲೊಂದು ಕಸಿವಿಸಿ ಶುರುವಾಗಿತ್ತು. ಆ ಗಿರಣಿಗಳಿಗೆ ಹತ್ತಿ ಎಲ್ಲಿಂದ ಬಂತು? ನೇಯ್ದ ಬಟ್ಟೆ ಯಾರ ಮಗ್ಗಗಳನ್ನು ಮೂಲೆಗೆ ತಳ್ಳಿತು? ವಿಂಡ್‌ರಷ್‌ನಲ್ಲಿ ಬಂದವರ ಅಜ್ಜಂದಿರು ಕೆರಿಬಿಯನ್ನಿಗೆ ಹೋದದ್ದು ಯಾವ ಹಡಗಿನಲ್ಲಿ? ಕಾರ್ಮಿಕರು ಬಂದರು, ವಲಸಿಗರು ಬಂದರು, ಸಾಮ್ರಾಜ್ಯ ಮಾತ್ರ ಬರಲೇ ಇಲ್ಲ. ವಲಸಿಗರು ಎಲ್ಲಿಂದಲೋ ತಾವಾಗಿ ತೇಲಿಬಂದ ಅತಿಥಿಗಳಂತೆ ಕಂಡರು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಸಮಾರಂಭದ ‘ಐಲ್ಸ್ ಆಫ್ ವಂಡರ್’ ಎಂಬ ಹೆಸರಿಗೆ ಪ್ರೇರಣೆ ಶೇಕ್ಸ್‌ಪಿಯರನ ‘ಟೆಂಪೆಸ್ಟ್’. ಕುವೆಂಪು ‘ಬಿರುಗಾಳಿ’ಯಾಗಿ ಕನ್ನಡಕ್ಕೆ ತಂದದ್ದರಿಂದ ನಮಗದು ಅಪರಿಚಿತ ನಾಟಕವಲ್ಲ. ಹೊರಗಿನಿಂದ ಬಂದ ಪ್ರಾಸ್ಪೆರೊ ದ್ವೀಪವನ್ನು ವಶಪಡಿಸಿಕೊಂಡು ಅಲ್ಲಿಯ ಕ್ಯಾಲಿಬನ್‌ನನ್ನು ಗುಲಾಮನಾಗಿಸುತ್ತಾನೆ. ಆ ಕ್ಯಾಲಿಬನ್ ತನ್ನ ದ್ವೀಪದ ನಾದಗಳನ್ನು ಕುರಿತು ಆಡುವ ಮಾತು ನಾಟಕದ ಅತ್ಯಂತ ಮೃದುವಾದ ಮಾತುಗಳಲ್ಲೊಂದು. ಲಂಡನ್ನಿನ ವೇದಿಕೆಯಲ್ಲಿ ಆ ಮಾತನ್ನು ಹೇಳಿದವರು ನಟ ಕೆನೆತ್ ಬ್ರಾನಾ, ರೈಲು ಸೇತುವೆಗಳನ್ನು ಕಟ್ಟಿದ ಇಂಜಿನಿಯರ್ ಬ್ರುನೆಲ್‌ನ ವೇಷದಲ್ಲಿ. ದ್ವೀಪ ಕಳೆದುಕೊಂಡವನ ಮಾತು ಚಿಮಣಿ ಕಟ್ಟಿದವನ ಬಾಯಿಗೆ ಬಂದಿತ್ತು. ಬಾಯ್ಲ್ ಇದನ್ನು ದುರುದ್ದೇಶದಿಂದ ಮಾಡಿದರು ಎಂದು ನಾನು ಹೇಳುವುದಿಲ್ಲ. ಇಂಥ ಮರೆವಿಗೆ ದುರುದ್ದೇಶ ಬೇಕಿಲ್ಲ, ಅಭ್ಯಾಸ ಸಾಕು.

ಈಗ ವಜ್ರ ಮಹೋತ್ಸವದ ಕಡೆ ಬರೋಣ. ಈ ಅರವತ್ತು ವರ್ಷ ಎಲ್ಲಿಂದ ಶುರುವಾಯಿತು? ಲಂಡನ್ನಿನಿಂದಲ್ಲ, ಕೀನ್ಯಾದಿಂದ. 1952ರ ಫೆಬ್ರವರಿ 5ರ ರಾತ್ರಿ ರಾಜಕುಮಾರಿ ಎಲಿಝಬೆತ್ ತಂಗಿದ್ದು ನ್ಯೇರಿಯ ಸಮೀಪ ಅಬರ್ಡೇರ್ ಕಾಡಿನ ‘ಟ್ರೀಟಾಪ್ಸ್’ ಎಂಬ ಮರದ ಮೇಲಿನ ವಸತಿಯಲ್ಲಿ. ಕೆಳಗೆ ನೀರಿಗೆ ಬರುವ ಆನೆಗಳನ್ನು ನೋಡಲೆಂದು ಹೋಗಿದ್ದಳು. ಆ ರಾತ್ರಿ ಅತ್ತ ಇಂಗ್ಲೆಂಡಿನಲ್ಲಿ ಅವಳ ತಂದೆ ತೀರಿಹೋದ. ಮರ ಹತ್ತಿದವಳು ರಾಜಕುಮಾರಿ, ಇಳಿದವಳು ರಾಣಿ ಎಂಬುದು ಮಹೋತ್ಸವದ ವರ್ಷದಲ್ಲಿ ಮತ್ತೆ ಮತ್ತೆ ಕೇಳಿಬಂದ ಚಂದದ ಕತೆ.

ಆ ಕತೆ ಮರದ ಮೇಲೆಯೇ ನಿಂತುಬಿಡುತ್ತದೆ. ಕೆಳಗಿನ ನೆಲ ಕಿಕುಯು ಜನರದು. ಅವರ ಎತ್ತರದ ಫಲವತ್ತಾದ ಭೂಮಿ ಬಿಳಿಯರ ಎಸ್ಟೇಟುಗಳಾಗಿತ್ತು. ಅದೇ 1952ರ ಅಕ್ಟೋಬರಿನಲ್ಲಿ ಮಾವು ಮಾವು ಬಂಡಾಯವನ್ನು ಹತ್ತಿಕ್ಕಲು ತುರ್ತುಪರಿಸ್ಥಿತಿ ಘೋಷಣೆಯಾಯಿತು. ಅದು ಮುಗಿದದ್ದು 1960ರಲ್ಲಿ. ಅಧಿಕೃತ ಲೆಕ್ಕದಲ್ಲೇ ಸುಮಾರು 80 ಸಾವಿರ ಜನ ಬಂಧನ ಶಿಬಿರಗಳನ್ನು ಕಂಡರು. ಸಾವಿರಕ್ಕೂ ಹೆಚ್ಚು ಜನ ನೇಣಿಗೇರಿದರು. ಬಂಡಾಯಗಾರರ ಕೈಯೂ ಶುದ್ಧವಾಗಿರಲಿಲ್ಲ. ಅವರು ಬಿಳಿಯ ವಸಾಹತುಗಾರರನ್ನೂ, ಅದಕ್ಕಿಂತ ಎಷ್ಟೋ ಪಾಲು ಹೆಚ್ಚಾಗಿ ತಮ್ಮವರನ್ನೇ ಕೊಂದರು. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಕಾನೂನಿನ ಹೆಸರಿನಲ್ಲಿ ಶಿಬಿರ ಕಟ್ಟಿದ್ದು ಪ್ರಭುತ್ವ. 1959ರಲ್ಲಿ ಹೋಲಾ ಶಿಬಿರದಲ್ಲಿ ಕಾವಲುಗಾರರು 11 ಕೈದಿಗಳನ್ನು ಬಡಿದು ಕೊಂದರು. ಟ್ರೀಟಾಪ್ಸ್ ವಸತಿಯನ್ನು ಬಂಡಾಯಗಾರರು 1954ರಲ್ಲೇ ಸುಟ್ಟುಹಾಕಿದ್ದರು. ಮುಂದೆ ಅದನ್ನು ಪ್ರವಾಸಿಗರಿಗಾಗಿ ಮತ್ತೆ ಕಟ್ಟಲಾಯಿತು. ಉಳಿದದ್ದು ಮರದ ಕತೆ ಮಾತ್ರ.

ಇನ್ನೊಂದು ಸಂಗತಿಯನ್ನು ನಾನು ಕತೆಯಲ್ಲಿ ಬರೆದಿದ್ದರೆ, ಇದು ತೀರ ಹೊಂದಿಸಿದಂತಿದೆ ಎಂದು ಸಂಪಾದಕರು ವಾಪಸ್ಸು ಕಳಿಸುತ್ತಿದ್ದರು. ಉದ್ಘಾಟನೆಗೆ ಹತ್ತು ದಿನ ಮುಂಚೆ, ಅದೇ ಜುಲೈನಲ್ಲಿ, ಅದೇ ಲಂಡನ್ನಿನ ಹೈಕೋರ್ಟಿಗೆ ಕೀನ್ಯಾದ ಮೂವರು ಮುದುಕರು ಬಂದಿದ್ದರು. ಪೌಲೊ ನ್ಜಿಲಿ, ವಂಬುಗು ವಾ ನ್ಯಿಂಗಿ, ಜೇನ್ ಮುಥೋನಿ ಮಾರಾ. ನ್ಜಿಲಿಯ ಪುರುಷತ್ವವನ್ನು ಶಿಬಿರದಲ್ಲಿ ಕಿತ್ತುಹಾಕಿದ್ದರು. ಮಾರಾ ಎಳೆಯ ವಯಸ್ಸಿನಲ್ಲಿ ಲೈಂಗಿಕ ಹಿಂಸೆಗೆ ಒಳಗಾದವಳು. ನ್ಯಿಂಗಿ ಹೋಲಾದಲ್ಲಿ ಸತ್ತನೆಂದು ಹೆಣಗಳ ಜೊತೆ ಎಸೆಯಲ್ಪಟ್ಟು ಬದುಕಿದವನು. ಇವರು ಚಿತ್ರಹಿಂಸೆ ಅನುಭವಿಸಿದ್ದನ್ನು ತಾನು ಅಲ್ಲಗಳೆಯುವುದಿಲ್ಲ ಎಂದು ಬ್ರಿಟಿಷ್ ಸರಕಾರದ ವಕೀಲರು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಮತ್ತೆ ತಕರಾರು ಏನು? ಬಹಳ ಕಾಲವಾಗಿದೆ, ಸಾಕ್ಷಿಗಳು ಸತ್ತಿದ್ದಾರೆ, ಈಗ ನ್ಯಾಯಯುತ ವಿಚಾರಣೆ ಸಾಧ್ಯವಿಲ್ಲ ಎಂಬುದು.

ನನ್ನನ್ನು ಕಾಡುವುದು ಈ ಮಾತು. ಅರವತ್ತು ವರ್ಷ ಸಂಭ್ರಮಕ್ಕೆ ನಿನ್ನೆ ಮೊನ್ನೆ, ನ್ಯಾಯಕ್ಕೆ ಮಾತ್ರ ಅತಿ ಹಳತು. ಒಂದೇ ಸರಕಾರ, ಒಂದೇ ಬೇಸಿಗೆಯಲ್ಲಿ, ಒಂದೇ ಅವಧಿಯನ್ನು ಎರಡು ಅಳತೆಗೋಲಿನಿಂದ ಅಳೆಯಿತು. 1952ರ ರಾಜಕುಮಾರಿಯ ಚಿತ್ರಗಳು ಟಿವಿಯವರಿಗೆ ಬೇಕೆಂದಾಗ ಸಿಗುತ್ತಿದ್ದವು. ಅದೇ ಕಾಲದ ಶಿಬಿರಗಳ ಕಡತಗಳು ಎಲ್ಲಿದ್ದವು? 37 ವಸಾಹತುಗಳಿಂದ ಸಾಗಿಸಿ ತಂದ ಸುಮಾರು 8,800 ಕಡತಗಳು ಹ್ಯಾನ್ಸ್‌ಲೋಪ್ ಪಾರ್ಕ್ ಎಂಬಲ್ಲಿ ಗುಟ್ಟಾಗಿ ಬಿದ್ದಿದ್ದವು. 2011ರಲ್ಲಿ ಸರಕಾರ ಅದನ್ನು ಒಪ್ಪಿಕೊಂಡದ್ದು ಈ ಮುದುಕರ ಮೊಕದ್ದಮೆಯ ಒತ್ತಡದಿಂದ. ಅಕ್ಟೋಬರಿನಲ್ಲಿ ನ್ಯಾಯಾಧೀಶರು ಸರಕಾರದ ತಕರಾರನ್ನು ತಳ್ಳಿಹಾಕಿದರು. ದಾಖಲೆಗಳು ಬೇಕಾದಷ್ಟಿವೆ, ವಿಚಾರಣೆ ಸಾಧ್ಯ ಎಂದರು. ವಸಾಹತು ಆಡಳಿತ ತಾನೇ ಬರೆದಿಟ್ಟ ಕಾಗದಗಳು ಅದರ ವಿರುದ್ಧ ಸಾಕ್ಷಿ ನುಡಿದವು.

ಇಲ್ಲಿ ನ್ಯಾಯವಾಗಿ ಹೇಳಬೇಕಾದ ಮಾತೊಂದಿದೆ. ಮುದುಕರ ಪರ ನಿಂತ ವಕೀಲರು ಬ್ರಿಟಿಷರು, ಆ ತೀರ್ಪು ಕೊಟ್ಟವರೂ ಬ್ರಿಟಿಷರು. ರಾಣಿ ಶಿಬಿರಗಳನ್ನು ಕಟ್ಟಿಸಿದವಳಲ್ಲ. ಆದರೆ ಅವು ನಡೆದದ್ದು ಅವಳ ಹೆಸರಿನಲ್ಲಿ. 2013ರ ಜೂನಿನಲ್ಲಿ ಸರಕಾರ ಪಾರ್ಲಿಮೆಂಟಿನಲ್ಲಿ ವಿಷಾದ ಸೂಚಿಸಿ 5,228 ಮಂದಿಗೆ ಪರಿಹಾರ ಒಪ್ಪಿತು. ಖರ್ಚುವೆಚ್ಚ ಸೇರಿ 1 ಕೋಟಿ 99 ಲಕ್ಷ ಪೌಂಡ್. ನಾವು ಸಹರಿ ತನಕ ನೋಡಿದ ಆ ಒಂದು ರಾತ್ರಿಯ ಉದ್ಘಾಟನೆಗೆ ತಗುಲಿದ್ದು 2 ಕೋಟಿ 70 ಲಕ್ಷ ಪೌಂಡ್.

ಕ್ರೀಡಾಕೂಟದ ಉದ್ಘಾಟನೆ ಇತಿಹಾಸದ ತರಗತಿಯಲ್ಲ, ಅದಕ್ಕೇಕೆ ಇಷ್ಟು ಭಾರ ಹೊರಿಸುತ್ತೀರಿ ಎಂದು ಗೆಳೆಯರು ಕೇಳಿದ್ದಾರೆ. ವೇದಿಕೆಯಲ್ಲಿ ತೋರಿಸಿದ ಪ್ರೀತಿಯನ್ನು ಕಚೇರಿಯಲ್ಲೂ ನಡೆಸಿಕೊಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಅಕ್ರಮ ವಲಸಿಗರಿಗೆ ಬ್ರಿಟನ್ನಿನಲ್ಲಿ ಪ್ರತಿಕೂಲ ವಾತಾವರಣ ಸೃಷ್ಟಿಸುವುದೇ ತಮ್ಮ ಗುರಿ ಎಂದು ಗೃಹಮಂತ್ರಿ ತೆರೆಸಾ ಮೇ ಹೇಳಿದ್ದು 2012ರ ಮೇ ತಿಂಗಳಲ್ಲಿ. ಎರಡು ತಿಂಗಳ ನಂತರ ವಿಂಡ್‌ರಷ್ ಹಡಗು ಚಪ್ಪಾಳೆಯ ನಡುವೆ ಕ್ರೀಡಾಂಗಣಕ್ಕೆ ಬಂತು. 2018ರಲ್ಲಿ ಬಯಲಾದದ್ದೇನು? ಅದೇ ವಿಂಡ್‌ರಷ್ ತಲೆಮಾರಿನ, ಬ್ರಿಟನ್ನಿನಲ್ಲೇ ಬೆಳೆದು ದುಡಿದು ಮುದುಕರಾದ ಜನ ಕಾಗದಪತ್ರ ತೋರಿಸಲಾಗದೆ ಕೆಲಸ, ಮನೆ, ಚಿಕಿತ್ಸೆ ಕಳೆದುಕೊಂಡಿದ್ದರು. ಕನಿಷ್ಠ 83 ಮಂದಿಯನ್ನು ತಪ್ಪಾಗಿ ದೇಶದಿಂದ ಹೊರಹಾಕಲಾಗಿತ್ತು. ಕಾಗದ ತೋರಿಸು ಎಂಬ ಮಾತಿನ ತೂಕ ಏನೆಂದು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ.

ಇನ್ನು ನಮ್ಮ ಮೊಹಮ್ಮದ್ ಫರಾಹ್. ‘ನಮ್ಮ’ ಎಂದೇ ಅಂದು ನಾವೆಲ್ಲ ಹೇಳಿಕೊಂಡಿದ್ದೆವು. ಆಗಸ್ಟ್ 4ರಂದು 10,000 ಮೀಟರ್, 11ರಂದು 5,000 ಮೀಟರ್ ಚಿನ್ನ ಗೆದ್ದು ಅವನು ಸಜ್ದಾ ಮಾಡಿದಾಗ ನಮ್ಮ ಓಣಿಯ ಹುಡುಗರು ಕುಣಿದರು. ಬ್ರಿಟನ್ನೂ ಕುಣಿಯಿತು. 2017ರಲ್ಲಿ ರಾಣಿಯೇ ಅವನಿಗೆ ‘ಸರ್’ ಪದವಿ ತೊಡಿಸಿದಳು. ಆಮೇಲೆ 2022 ಬಂತು. ಅದು ರಾಣಿಯ ಎಪ್ಪತ್ತನೇ ವರ್ಷದ ಮಹೋತ್ಸವ, ಅದೇ ಬೇಸಿಗೆಯಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಎರಡರ ನಡುವೆ, ಜುಲೈನಲ್ಲಿ, ಆ ಓಟಗಾರ ಬಿಬಿಸಿಯಲ್ಲಿ ಬಾಯಿಬಿಟ್ಟ. ತನ್ನ ನಿಜವಾದ ಹೆಸರು ಹುಸೇನ್ ಅಬ್ದಿ ಕಾಹಿನ್. ತಂದೆ ಸೊಮಾಲಿಯಾದ ಅಂತರ್ಯುದ್ಧದಲ್ಲಿ ಸತ್ತ. ಒಂಬತ್ತರ ಪ್ರಾಯದಲ್ಲಿ ಅಪರಿಚಿತ ಹೆಂಗಸೊಬ್ಬಳು ಬೇರೊಂದು ಮಗುವಿನ ಹೆಸರಿನಲ್ಲಿ ತನ್ನನ್ನು ಜಿಬೂತಿಯಿಂದ ಬ್ರಿಟನ್ನಿಗೆ ಸಾಗಿಸಿ ಮನೆಗೆಲಸಕ್ಕಿಟ್ಟಳು. ಅವನ ಮೇಲೆ ಕ್ರಮವಿಲ್ಲ ಎಂದು ಸರಕಾರ ಕೂಡಲೇ ಹೇಳಿತು. ಒಳ್ಳೆಯದೇ. ಆದರೆ ಅದಕ್ಕೆ ಒಂದು ತಿಂಗಳು ಮುಂಚೆ, ಜೂನ್ 14ರಂದು, ಆಶ್ರಯ ಕೇಳಿ ಬಂದವರನ್ನು ರುವಾಂಡಕ್ಕೆ ಸಾಗಿಸಲು ಅದೇ ಸರಕಾರ ವಿಮಾನ ಸಿದ್ಧಪಡಿಸಿತ್ತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಮಧ್ಯ ಪ್ರವೇಶಿಸಿದ್ದರಿಂದ ಅದು ಹಾರಲಿಲ್ಲ. 2024ರಲ್ಲಿ ಹೊಸ ಸರಕಾರ ಬಂದು ಆ ಯೋಜನೆಯನ್ನೇ ಕೈಬಿಟ್ಟಿತು. ಎರಡು ಚಿನ್ನ ಗೆದ್ದವನಿಗೆ ಕ್ಷಮೆಯಿದೆ. ಗೆಲ್ಲದ ಹುಸೇನ್‌ನ ಪಾಡೇನು? ಪದಕ ತಂದರೆ ಮಾತ್ರ ಮಗ ಎನ್ನುವ ಮನೆಯನ್ನು ಮನೆ ಎನ್ನಲಾಗದು. ಅವನ ಸಜ್ದಾ ನೋಡಿ ಕುಣಿದ ನಾವೂ ಗೆದ್ದವನನ್ನೇ ‘ನಮ್ಮವನು’ ಎಂದೆವಲ್ಲ ಎಂಬ ನಾಚಿಕೆಯೂ ನನಗಿದೆ.

ಇದು ದೂರದ ರಾಣಿಯ ಕತೆ ಎಂದು ತಳ್ಳಿಹಾಕುವಂತಿಲ್ಲ. ಯಾರ ತಲೆಯ ಮೇಲೆ ಹುಮಾ ಹಕ್ಕಿಯ ನೆರಳು ಬೀಳುತ್ತದೋ ಅವನು ಬಾದಶಹನಾಗುತ್ತಾನೆ ಎಂದು ನಮ್ಮ ಉರ್ದು ಶಾಲೆಯ ಮಾಸ್ತರರು ಹೇಳುತ್ತಿದ್ದರು. ಟಿಪ್ಪುವಿನ ಸಿಂಹಾಸನದ ಮೇಲೆ ಚಿನ್ನ, ರತ್ನಗಳ ಹುಮಾ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಆ ಹಕ್ಕಿ ಸೇರಿದ್ದು ಬ್ರಿಟನ್ನಿನ ರಾಜಮನೆತನದ ಸಂಗ್ರಹವನ್ನು. ಅಲ್ಲಿ ಅದು ಕಲಾವಸ್ತು. ಕನ್ನಡ ನಾಡಿನಲ್ಲಿ ಅದು ಲೂಟಿಯ ನೆನಪು. ಹಾಗೆಂದು ನಾವೇನೂ ಸಾಚಾ ಅಲ್ಲ. 2010ರಲ್ಲಿ ದಿಲ್ಲಿಯ ಕಾಮನ್‌ವೆಲ್ತ್ ಕೂಟಕ್ಕೆಂದು ಗುಡಿಸಲುಗಳನ್ನು ಕಿತ್ತುಹಾಕಿ, ಭಿಕ್ಷುಕರನ್ನು ಹೊರದಬ್ಬಿ, ಅತಿಥಿಗಳ ಕಣ್ಣಿಂದ ನಮ್ಮ ಬಡವರನ್ನು ಮರೆಮಾಡಿದವರು ನಾವೇ. ಹಬ್ಬ ಮಾಡುವವರೆಲ್ಲ ಮನೆಯ ಒಂದು ಕೋಣೆಗೆ ಬೀಗ ಹಾಕುತ್ತಾರೆ. ವಿಮರ್ಶೆಯ ಕೆಲಸ ಆ ಬೀಗವನ್ನು ತೋರಿಸುವುದು.

ರಾಣಿ 2022ರ ಸೆಪ್ಟೆಂಬರ್ 8ರಂದು ತೀರಿಕೊಂಡಳು. ಮಗ ಚಾರ್ಲ್ಸ್ ದೊರೆಯಾದ ಮೇಲೆ 2023ರ ಅಕ್ಟೋಬರ್ ಕೊನೆಯಲ್ಲಿ ಕೀನ್ಯಾಕ್ಕೆ ಹೋದ. ಅಲ್ಲಿ ನಡೆದ ಹಿಂಸೆ ಅಸಹ್ಯವಾದದ್ದು, ಅದಕ್ಕೆ ಯಾವ ಸಮರ್ಥನೆಯೂ ಇಲ್ಲ ಎಂಬರ್ಥದಲ್ಲಿ ಮಾತಾಡಿದ. ಕ್ಷಮೆಯನ್ನು ಮಾತ್ರ ಕೇಳಲಿಲ್ಲ. ಅವನ ತಾಯಿ ಆನೆ ನೋಡಲು ಮರ ಹತ್ತಿ 71 ವರ್ಷಗಳಾಗಿದ್ದವು. ಮುಂದೊಂದು ದಿನ ಅವರು ಮತ್ತೊಂದು ಮಹೋತ್ಸವ ಮಾಡಲಿ, ಮತ್ತೊಂದು ಕ್ರೀಡಾಕೂಟವನ್ನೂ ನಡೆಸಲಿ. ಆಗ ಕತೆಯನ್ನು ಮರದ ಬುಡದಿಂದ ಶುರುಮಾಡುವ ಧೈರ್ಯ ಅವರಿಗಿದ್ದರೆ ಸಾಕು. ಸಹರಿಗೆ ಎದ್ದು ನೋಡಲು ನಾವಂತೂ ಸಿದ್ಧರಿದ್ದೇವೆ.