ಕಟ್ಟು ಬಿಚ್ಚಿದ ಮೇಲೆ

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದ ಮಾತು ಬಂದರೆ ಅದರ ಬೆನ್ನಿಗೇ ಅರ್ಥಶಾಸ್ತ್ರದ ಮಾತು ಬರುತ್ತದೆ. ಹೊರಗಿನ ವೃತ್ತಕ್ಕೆ ಕೌಟಿಲ್ಯನ ಹೆಸರು. ಒಳಗೆ ಹೋದವರು ಮೊದಲು ಕೇಳುವುದೂ ಆ ಓಲೆಗಳನ್ನೇ. ತಪ್ಪೇನಿಲ್ಲ. 1905ರಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಗ್ರಂಥ ಲಿಪಿಯ ಆ ಗರಿಗಳಲ್ಲಿ ಏನಿದೆ ಎಂದು ಗುರುತಿಸದೆ ಹೋಗಿದ್ದರೆ, ದಂಡಿ, ಬಾಣರಂಥವರ ಉಲ್ಲೇಖಗಳಲ್ಲಷ್ಟೇ ಉಳಿದಿದ್ದ ಕೃತಿ ಇನ್ನೆಷ್ಟು ಕಾಲ ಬರೀ ಹೆಸರಾಗಿ ಇರುತ್ತಿತ್ತೋ. 1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಭಾರತದ ರಾಜನೀತಿಯ ಚರ್ಚೆಯೇ ಆಮೇಲೆ ಬೇರೆಯಾಯಿತು.

ಆ ಕಟ್ಟನ್ನು ತಂದುಕೊಟ್ಟವರು ಯಾರು? ತಂಜಾವೂರು ಜಿಲ್ಲೆಯ ಒಬ್ಬ ಪಂಡಿತರು. ಜೊತೆಗೆ ಭಟ್ಟಸ್ವಾಮಿಯ ವ್ಯಾಖ್ಯಾನದ ಒಂದು ತುಣುಕನ್ನೂ ಕೊಟ್ಟರು. ನಮಗೆ ಸಿಕ್ಕಿರುವ ವಿವರ ಇಷ್ಟೇ. ಅವರ ಹೆಸರಿಲ್ಲ, ಊರಿಲ್ಲ. ಅವರ ಮನೆಯ ಅಟ್ಟದಲ್ಲಿ ಇನ್ನೇನಿತ್ತು ಎಂಬ ಸುಳಿವಿಲ್ಲ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಹಸ್ತಪ್ರತಿ ಭಂಡಾರಗಳು ಕೃತಿಯನ್ನು ಕಾಪಾಡಿದವು, ಕಟ್ಟನ್ನು ಕಾಪಾಡಲಿಲ್ಲ.

ಮಾಡಿದ ಕೆಲಸವನ್ನು ಮೊದಲು ಹೇಳಬೇಕು. ಅದು ಸಣ್ಣದಲ್ಲ. 1891ರಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ ಓರಿಯೆಂಟಲ್ ಲೈಬ್ರರಿಯಾಗಿ ಹುಟ್ಟಿದ ಈ ಸಂಸ್ಥೆ, ವಿಕ್ಟೋರಿಯಾ ರಾಣಿಯ ಜ್ಯೂಬಿಲಿಯ ನೆನಪಿಗೆ ಕಟ್ಟಿದ ಕಟ್ಟಡದಲ್ಲಿ ನೆಲೆಯೂರಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಹುಟ್ಟಿದಾಗ ಅದರ ತೆಕ್ಕೆಗೆ ಬಂತು, 1943ರಲ್ಲಿ ಈಗಿನ ಹೆಸರು ಪಡೆಯಿತು. ಪಂಡಿತರು ಊರೂರು ಅಲೆದು ಮಠ, ಅಗ್ರಹಾರ, ಬಸದಿಗಳಿಂದ ಓಲೆ ತಂದರು. ತರದೆ ಹೋಗಿದ್ದರೆ ಅವುಗಳಲ್ಲಿ ಎಷ್ಟೋ ಗೆದ್ದಲಿನ ಪಾಲಾಗುತ್ತಿದ್ದವು, ಇನ್ನೆಷ್ಟೋ ನದಿಯ ಪಾಲು. ಓದುವವರಿಲ್ಲದ ಓಲೆಯನ್ನು ಪೂಜೆ ಮಾಡಿ ಹೊಳೆಗೆ ಬಿಡುವುದು ನಮ್ಮಲ್ಲಿ ಪಾಪವಲ್ಲ, ಪುಣ್ಯದ ಕೆಲಸವೇ ಆಗಿತ್ತು.

ಇಂಥ ಭಂಡಾರಗಳ ಒಳಗಿನ ದುಡಿಮೆ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಕಟ್ಟು ಬಂದ ಕೂಡಲೇ ಓದಲು ಕೂರುವಂತಿಲ್ಲ. ದಾರ ಬಿಚ್ಚಿ, ಮೇಲೆ ಕೆಳಗೆ ಇಟ್ಟ ಮರದ ಹಲಗೆ ತೆಗೆದು, ಒಂದೊಂದೇ ಗರಿಯನ್ನು ಮೆತ್ತನೆಯ ಕುಂಚದಿಂದ ಒರೆಸಬೇಕು. ಅಂಟಿಕೊಂಡ ಗರಿಗಳನ್ನು ಉಗುರಿನಿಂದ ಎಬ್ಬಿಸಿದರೆ ಅಕ್ಷರದ ಪದರವೇ ಎದ್ದುಬರುತ್ತದೆ. ಆಮೇಲೆ ಮಜ್ಜಿಗೆಹುಲ್ಲಿನ ಎಣ್ಣೆ ಸವರಬೇಕು. ಅದರಿಂದ ಗರಿ ಮತ್ತೆ ಬಾಗುವಂತಾಗುತ್ತದೆ, ಹುಳವೂ ದೂರ ಇರುತ್ತದೆ. ಕಂಠವೆಂಬ ಲೋಹದ ಮೊನೆಯಿಂದ ಕೊರೆದ ಅಕ್ಷರಕ್ಕೆ ಬಣ್ಣವಿಲ್ಲ. ಮಸಿ ಸವರಿ ಒರೆಸಿದಾಗ ಗೀರುಗಳಲ್ಲಿ ಕಪ್ಪು ಕೂತು, ಆ ತನಕ ಬೋಳಾಗಿ ಕಂಡ ಗರಿಯ ತುಂಬ ಸಾಲುಗಳು ಎದ್ದು ನಿಲ್ಲುತ್ತವೆ. ಎಷ್ಟು ಸಲ ನೋಡಿದರೂ ಆ ಗಳಿಗೆ ನನಗೆ ಹಳತಾಗಿಲ್ಲ. ಬರೆದು ಮುಗಿಸಿದ ಲಿಪಿಕಾರ ತನ್ನ ಪ್ರತಿಯನ್ನು ಎಣ್ಣೆಯಿಂದ, ನೀರಿನಿಂದ, ಸಡಿಲ ಕಟ್ಟಿನಿಂದ ಕಾಪಾಡಿ ಎಂದು ಕೊನೆಯಲ್ಲಿ ಬೇಡಿಕೊಳ್ಳುವುದು ರೂಢಿ. ಅವನ ಗರಿಗೆ ಈಗ ನಾವೇ ಎಣ್ಣೆ ಹಚ್ಚುತ್ತಿದ್ದೇವೆ!

ಓದುವ ಕಷ್ಟ ಬೇರೆಯೇ. ಪದಗಳ ನಡುವೆ ಬಿಡುವಿಲ್ಲ. ಹಳೆಯ ಕನ್ನಡ ಓಲೆಗಳಲ್ಲಿ ಎ–ಏ, ಒ–ಓ ಬೇರೆ ಕಾಣುವುದಿಲ್ಲ. ಸಾಲಿನ ನಡುವೆ ದಾರದ ತೂತು ಬಂದರೆ ಅಕ್ಷರ ಅದನ್ನು ಹಾರಿ ಆಚೆ ಮುಂದುವರಿಯುತ್ತದೆ. ಲಿಪಿಕಾರ ಎಲ್ಲಿ ಎಡವುತ್ತಾನೆ, ಒಂದೇ ಪದ ಎರಡು ಕಡೆ ಬಂದಾಗ ಅವನ ಕಣ್ಣು ಹೇಗೆ ಸಾಲು ಹಾರುತ್ತದೆ ಎಂಬುದನ್ನೆಲ್ಲ ಕಲಿಸುವ ಪುಸ್ತಕವೊಂದು ಕನ್ನಡದಲ್ಲೇ ಇದೆ: ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' (1964). ಆ ಶಿಸ್ತಿನಲ್ಲಿ ಪಳಗಿದವರಿಂದಲೇ ಹಳಗನ್ನಡದ ಶುದ್ಧಪಾಠಗಳು ನಮ್ಮ ಕೈಗೆ ಬಂದವು.

ಆ ಶಿಸ್ತಿನ ಮಿತಿಯೂ ಅಲ್ಲೇ ಇದೆ. ಗ್ರಂಥಸಂಪಾದಕನಿಗೆ ಬೇಕಾದದ್ದು ಪಾಠ. ಹತ್ತು ಪ್ರತಿ ಸಿಕ್ಕರೆ ಹತ್ತನ್ನೂ ಹೋಲಿಸಿ ಕವಿ ಬರೆದಿರಬಹುದಾದ ಒಂದನ್ನು ತಲುಪುವುದು ಅವನ ಗುರಿ. ಅದು ಕೈಗೆ ಬಂದ ಮೇಲೆ ಹತ್ತು ಪ್ರತಿಗಳೂ ಅಡಿಟಿಪ್ಪಣಿಯ ಸಂಕೇತಾಕ್ಷರಗಳಾಗಿ ಉಳಿಯುತ್ತವೆ. ಭಂಡಾರಗಳ ವರ್ಣನಾತ್ಮಕ ಸೂಚಿಗಳೂ ಇದೇ ಕಣ್ಣಿನಿಂದ ತಯಾರಾದವು. ಕೃತಿಯ ಹೆಸರು, ಕರ್ತೃ, ಲಿಪಿ, ಗರಿಗಳ ಸಂಖ್ಯೆ, ಉದ್ದ ಅಗಲ, ಪುಟಕ್ಕೆ ಎಷ್ಟು ಸಾಲು, ಸಾಲಿಗೆ ಎಷ್ಟು ಅಕ್ಷರ, ಆದಿ, ಅಂತ್ಯ, ಸಮಗ್ರವೋ ಅಸಮಗ್ರವೋ, ಎಲ್ಲವೂ ಅಚ್ಚುಕಟ್ಟು. ಈ ಸೂಚಿಗಳನ್ನು ಹಗುರವಾಗಿ ಕಾಣುವವರು ಒಂದೇ ಒಂದು ಕಟ್ಟಿಗೆ ಇಷ್ಟು ವಿವರ ಬರೆದು ನೋಡಲಿ, ಒಂದು ದಿನ ಸಾಲದು. ಆದರೂ ಎಲ್ಲಿಂದ ಬಂತು, ಯಾರು ಕೊಟ್ಟರು, ಇದೇ ಕಟ್ಟಿನಲ್ಲಿ ಇನ್ನೇನಿತ್ತು ಎಂಬ ಮೂರು ಪ್ರಶ್ನೆಗೆ ಬಹಳ ಕಡೆ ಉತ್ತರ ಸಿಗುವುದಿಲ್ಲ.

ಮೂರನೆಯ ಪ್ರಶ್ನೆ ಸಣ್ಣದೆನಿಸಬಹುದು. ಹಳ್ಳಿಯ ಮನೆಯ ಕಟ್ಟೊಂದನ್ನು ಊಹಿಸಿಕೊಳ್ಳಿ. ಮೊದಲು ಒಂದು ಶತಕ, ಅದರ ಹಿಂದೆ ಹಾವು ಕಡಿತಕ್ಕೆ ಮದ್ದು, ನಾಲ್ಕು ಗರಿ ಯಕ್ಷಗಾನ ಪ್ರಸಂಗ, ಕೊನೆಯಲ್ಲಿ ಭತ್ತದ ಲೆಕ್ಕ. ಸೂಚಿಯಲ್ಲಿ ಶತಕ ಕಾವ್ಯದ ಸಂಪುಟಕ್ಕೆ ಹೋಗುತ್ತದೆ, ಮದ್ದು ವೈದ್ಯಕ್ಕೆ, ಪ್ರಸಂಗ ಇನ್ನೊಂದಕ್ಕೆ. ಲೆಕ್ಕದ ಗರಿ 'ಇತರೆ' ಎಂಬ ಕಡೆಗೆ ಸರಿಯುತ್ತದೆ, ಇಲ್ಲವೇ ಎಲ್ಲಿಗೂ ಇಲ್ಲ. ಆ ಮನೆಯವರು ಏನು ಓದುತ್ತಿದ್ದರು, ಯಾವುದರ ಪಕ್ಕ ಯಾವುದನ್ನು ಇಟ್ಟಿದ್ದರು ಎಂಬ ಚಿತ್ರ ಒಡೆದುಹೋಯಿತು. ಅದನ್ನು ಮತ್ತೆ ಕೂಡಿಸಲು ಕ್ರಮಸಂಖ್ಯೆಗಳ ಕಾಡಿನಲ್ಲಿ ಅಲೆಯಬೇಕು.

ಮೈಸೂರಿನ ಸಂಗ್ರಹ ಭಾಷೆಯ ಹೆಸರಲ್ಲೂ ಪಾಲಾಯಿತು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಬಂದ ಮೇಲೆ ಕನ್ನಡದ ಓಲೆಗಳು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಗೆ ಹೋದವು, ಸಂಸ್ಕೃತದವು ಹಳೆಯ ಕಟ್ಟಡದಲ್ಲೇ ಉಳಿದವು. ಇದರಿಂದ ಕನ್ನಡಕ್ಕೆ ಲಾಭವಾಯಿತು, ಒಪ್ಪುತ್ತೇನೆ. ಆದರೆ ಓಲೆ ಬರೆಯುತ್ತಿದ್ದವರಿಗೆ ಈ ಗೆರೆ ಇರಲಿಲ್ಲ. ಕನ್ನಡ ಲಿಪಿಯಲ್ಲಿ ಸಂಸ್ಕೃತ ಶ್ಲೋಕ, ಅದರ ಕೆಳಗೇ ಕನ್ನಡ ಟೀಕು: ಇದು ನಮ್ಮ ಕಡೆಯ ಓಲೆಗಳಲ್ಲಿ ದಿನನಿತ್ಯದ ಸಂಗತಿ. ಅಂಥ ಗರಿ ಯಾರ ಪಾಲಿಗೆ ಸೇರಬೇಕು? ಇನ್ನು ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲು ಬಳಿದು, ಮಡಿಕೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದ ಕಡತಗಳಂತೂ ಕಾವ್ಯವೂ ಅಲ್ಲ ಶಾಸ್ತ್ರವೂ ಅಲ್ಲ ಎಂದು ಬಹುಕಾಲ ಮೂಲೆಯಲ್ಲಿದ್ದವು. ಆ ಹೆಸರು ಮಾತ್ರ ಸರ್ಕಾರಿ ಕಚೇರಿ ಸೇರಿ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬಂದ ಕಾಲಿನ್ ಮೆಕೆಂಜಿ ತನ್ನ ಸಹಾಯಕರನ್ನು ಊರೂರಿಗೆ ಕಳಿಸಿ ಕೈಫಿಯತ್ತುಗಳನ್ನು, ಅಂದರೆ ಊರಿನ ವೃತ್ತಾಂತಗಳನ್ನು, ಬರೆಸಿದ. ಅವನ ಉದ್ದೇಶ ಕಂಪನಿಯ ಆಡಳಿತ, ನಮ್ಮ ಸಾಹಿತ್ಯವಲ್ಲ. ಹಾಗಿದ್ದರೂ ಊರಿನ ಹೆಸರಿಲ್ಲದೆ ಕೈಫಿಯತ್ತಿಲ್ಲ. ಎಂ.ಎಂ. ಕಲಬುರ್ಗಿಯವರು ಕನ್ನಡದ ಕೈಫಿಯತ್ತುಗಳನ್ನು ಸಂಪಾದಿಸಿ ಕೊಟ್ಟ ಮೇಲೆ ಸ್ಥಳೀಯ ಚರಿತ್ರೆ ಬರೆಯುವವರು ಇಂದಿಗೂ ಅವನ್ನು ತಿರುವಿಹಾಕುತ್ತಿರುವುದು ಇದೇ ಕಾರಣಕ್ಕೆ. ಪರದೇಶಿ ಮೋಜಣಿದಾರ ಕೇಳಿದ ಪ್ರಶ್ನೆಯನ್ನು ನಮ್ಮ ಪಂಡಿತರು ಕೇಳದೆ ಬಿಟ್ಟರಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಈಗ ಡಿಜಿಟಲೀಕರಣದ ಕಾಲ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಬಂತು. 2025ರ ಕೇಂದ್ರ ಬಜೆಟ್ಟಿನಲ್ಲಿ ಘೋಷಣೆಯಾದ ಜ್ಞಾನ ಭಾರತಂ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳನ್ನು ಗುರಿಯಾಗಿಟ್ಟುಕೊಂಡಿದೆ. ದುಡ್ಡು ಬರಲಿ, ಕ್ಯಾಮೆರಾ ಬರಲಿ. ಗರಿಯ ಆಯಸ್ಸು ಮುಗಿಯುವ ಮೊದಲು ಚಿತ್ರವಾದರೂ ಉಳಿಯಬೇಕು. ಆದರೆ ಈ ಲೆಕ್ಕದಲ್ಲಿ ಎಣಿಕೆಯಾಗುವುದು ಪುಟ, ವಿವರಣೆಯಲ್ಲ. ಬಿಚ್ಚಿದ ಕಟ್ಟಿನ ಕ್ರಮ ದಾಖಲಿಸದೆ ತೆಗೆದ ಸಾವಿರ ಚಿತ್ರಗಳು ಬಿಚ್ಚಿದ ಕಟ್ಟಿನಷ್ಟೇ ಅಸ್ತವ್ಯಸ್ತ. ಅವನ್ನು ಓದಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ತಿಗಳಾರಿ, ಗ್ರಂಥ, ನಂದಿನಾಗರಿ ಮೂರೂ ಲಿಪಿಗಳನ್ನು ಸಲೀಸಾಗಿ ಓದುವ ಹುಡುಗ ಹುಡುಗಿಯರಿಗೆ ಯಾವ ವಿಶ್ವವಿದ್ಯಾಲಯ ಕಾಯಂ ಹುದ್ದೆ ಕಾದಿರಿಸಿದೆ?

ಒಂದು ಅನುಭವ ಹೇಳುತ್ತೇನೆ. ಯಾವ ಭಂಡಾರ ಎಂಬುದು ಬೇಡ. ಒಂದು ಕಟ್ಟು ನೋಡಬೇಕೆಂದು ಅರ್ಜಿ ಕೊಟ್ಟೆ. ಸ್ಕ್ಯಾನ್ ಆಗಿದೆ, ಮೂಲಪ್ರತಿ ಕೊಡುವುದಿಲ್ಲ ಎಂದರು. ನ್ಯಾಯವೇ. ಹಾಗಾದರೆ ಸ್ಕ್ಯಾನ್ ಕೊಡಿ ಎಂದೆ. ಅದು ಡಿಸ್ಕಿನಲ್ಲಿದೆ, ಡಿಸ್ಕು ಬೀರುವಿನಲ್ಲಿದೆ, ಬೀಗದ ಕೈ ಇರುವವರು ರಜೆಯಲ್ಲಿದ್ದಾರೆ. ಮೂರನೆಯ ಸಲ ಹೋದಾಗ ಡಿಸ್ಕು ಸಿಕ್ಕಿತು, ಅದನ್ನು ಓದುವ ಯಂತ್ರ ಕೆಟ್ಟಿತ್ತು. ಅಲ್ಲಿದ್ದ ಹಿರಿಯ ಸಹಾಯಕರೊಬ್ಬರು ಪಾಪ, ಹಳೆಯ ಕೈಬರಹದ ರಿಜಿಸ್ಟರು ತಂದು ಮುಂದಿಟ್ಟರು. ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿ ಒಂದು ಊರಿನ ಹೆಸರಿತ್ತು. ಅಚ್ಚಾದ ಸೂಚಿಯಲ್ಲಿ ಅದು ಇರಲಿಲ್ಲ. ನನಗೆ ಬೇಕಾಗಿದ್ದದ್ದು ಅದೇ.

ಹಾಗಾಗಿ ಮೊದಲು ಸ್ಕ್ಯಾನ್ ಆಗಬೇಕಾದವು ಆ ರಿಜಿಸ್ಟರುಗಳು ಎಂಬುದು ನನ್ನ ಅಭಿಪ್ರಾಯ. ಹಳೆಯ ದಾಖಲಾತಿ ಪುಸ್ತಕ, ಸಂಗ್ರಹಕ್ಕೆ ಅಲೆದ ಪಂಡಿತರ ವರದಿ, ಕೊಟ್ಟವರಿಗೆ ಬರೆದ ಪತ್ರ ಇವು ಎಲ್ಲೆಲ್ಲಿ ಉಳಿದಿವೆಯೋ ಅವನ್ನು ಗುಜರಿಗೆ ಹಾಕುವ ಮುನ್ನ ತೆಗೆದಿಡಿ. ನಿಮ್ಮ ಮನೆಯ ಅಟ್ಟದಲ್ಲೂ ಓಲೆಕಟ್ಟು ಇದ್ದರೆ ಭಂಡಾರಕ್ಕೆ ಕೊಡಿ, ಖಂಡಿತ ಕೊಡಿ. ಕೊಡುವ ಮೊದಲು ದಾರ ಬಿಚ್ಚದೆ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಊರು, ಮನೆತನ, ಯಾರ ಕಾಲದಿಂದ ಇದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಜೊತೆಗಿಡಿ. ಆ ಹಾಳೆಗೂ ಸೇರಿಸಿ ರಸೀದಿ ಕೇಳಿ ಪಡೆಯಿರಿ.