ದಿನ ಎಣಿಸಿ ಕೊಯ್ಯುವ ಪುದೀನ

ಉತ್ತರ ಪ್ರದೇಶದ ಬಾರಾಬಂಕಿ, ಸಂಭಲ್ ಕಡೆ ಎಣ್ಣೆಗಾಗಿ ಬೆಳೆಯುವ ಪುದೀನ, ಅಂದರೆ ಮೆಂಥಾ ಬೆಳೆಯ ಕೈಪಿಡಿಗಳಲ್ಲಿ ಒಂದು ಸಾಲಿಗೆ ಮಂತ್ರದ ಮರ್ಯಾದೆ ಸಿಕ್ಕಿದೆ: ನೆಟ್ಟ 100ರಿಂದ 120 ದಿನಕ್ಕೆ, ಹೂ ಕಾಣುವ ಹೊತ್ತಿಗೆ, ಮೊದಲ ಕೊಯ್ಲು. ಫೆಬ್ರವರಿಯಲ್ಲಿ ಬೇರುತುಂಡು ನೆಟ್ಟವರಿಗೆ ಇದು ತಕ್ಕಮಟ್ಟಿಗೆ ಸರಿ. ಅದರಾಚೆಗೆ ಈ ಸಾಲು ಅಷ್ಟು ಗೌರವಕ್ಕೆ ಯೋಗ್ಯವಲ್ಲ.

ಎಣ್ಣೆ ಕೂರುವುದು ಎಲೆಯ ಮೇಲ್ಮೈಯ ಸೂಕ್ಷ್ಮ ಗ್ರಂಥಿಗಳಲ್ಲಿ. ಎಳೆ ಎಲೆಯಲ್ಲಿ ಮೆಂಥೋನ್ ಹೆಚ್ಚು. ಎಲೆ ಬಲಿತಂತೆ ಅದೇ ಮೆಂಥಾಲ್ ಆಗುತ್ತದೆ. ಈಗ ಒಂದೇ ಗಿಡವನ್ನು ಹಿಡಿದು ನೋಡಿ. ತುದಿಯಲ್ಲಿ ಇನ್ನೂ ಬಿಚ್ಚದ ಚಿಗುರು, ನಡುವೆ ಬಲಿತ ಎಲೆ, ಬುಡದಲ್ಲಿ ಬಿಸಿಲು ಕಾಣದೆ ಹಳದಿಗಟ್ಟಿ ಉದುರಲು ನಿಂತದ್ದು. 110ನೇ ದಿನ ಎಂದರೆ ಇದರಲ್ಲಿ ಯಾವ ಎಲೆಯ ವಯಸ್ಸು? ಕಾದಷ್ಟೂ ಮೆಂಥಾಲ್ ಪಾಲು ಏರುತ್ತದೆ, ನಿಜ. ಆದರೆ ಬುಡದ ಎಲೆ ನೆಲ ಸೇರಿದ ಮೇಲೆ ಭಟ್ಟಿಗೆ ಹೋಗುವುದು ಬರೀ ದಂಟು. ಶೇಕಡಾವಾರು ನೋಡಿ ಹಿಗ್ಗುವ ತಜ್ಞರು ಎಕರೆಗೆ ಎಷ್ಟು ಕಿಲೋ ಎಣ್ಣೆ ಇಳಿಯಿತು ಎಂದು ಮೊದಲು ಕೇಳಬೇಕಿತ್ತು.

ಹೂವಿನ ಗುರುತೂ ಎಲ್ಲ ಪುದೀನಕ್ಕೆ ಒಂದೇ ಅಲ್ಲ. ಪೆಪ್ಪರ್‌ಮಿಂಟ್‌ನಲ್ಲಿ ಹೂ ಹೆಚ್ಚಾದಂತೆ ಮೆಂಥೋಫ್ಯೂರಾನ್ ಏರಿ ಎಣ್ಣೆಯ ಗುಣ ಇಳಿಯುತ್ತದೆ. ಅಲ್ಲಿ ತುಂಬು ಹೂ ಎಂದರೆ ತಡವಾಯಿತೆಂದೇ ಅರ್ಥ.

ಇನ್ನು, ರೈತರು ಅವಸರಪಟ್ಟು ಎಳೆ ಬೆಳೆ ಕೊಯ್ದು ಎಣ್ಣೆ ಕೆಡಿಸುತ್ತಾರೆ ಎಂಬ ದೂರು. ಇದನ್ನು ಒಪ್ಪಲು ನನ್ನಿಂದ ಸಾಧ್ಯವೇ ಇಲ್ಲ. ಗೋಧಿ ಕೊಯ್ದು ಏಪ್ರಿಲ್‌ನಲ್ಲಿ ಸಸಿ ನೆಟ್ಟವರಿಗೆ 120 ದಿನ ಮುಗಿಯುವುದು ಆಗಸ್ಟ್‌ನಲ್ಲಿ. ಜೂನ್ ಕೊನೆಗೇ ಮುಂಗಾರು ಅಲ್ಲಿಗೆ ಮುಟ್ಟುತ್ತದೆ. ನೀರು ನಿಂತರೆ ಮೆಂಥಾ ಕೊಳೆಯುತ್ತದೆ, ಗದ್ದೆ ಭತ್ತಕ್ಕೂ ಬೇಕು. ಲಖನೌದ ಸಿಮ್ಯಾಪ್ ಸಂಸ್ಥೆಯ ಕೋಸಿ ತಳಿ ಸುಮಾರು 90 ದಿನಕ್ಕೇ ಕೊಯ್ಲಿಗೆ ಬರುವುದರಿಂದಲೇ ಇಂಥವರಿಗೆ ಒದಗಿತು. ಮಳೆಗೆ ಮುಂಚೆ ಕುಡುಗೋಲು ಎತ್ತುವವರನ್ನು ದೂರುವವರು ಆ ಗದ್ದೆಯ ವರ್ಷದ ಲೆಕ್ಕವನ್ನೇ ನೋಡಿಲ್ಲ.

ಬುಡದ ಎಲೆ ಹಳದಿಗೆ ತಿರುಗತೊಡಗಿದ್ದು, ವಾರ ಮೊದಲೇ ನೀರು ನಿಲ್ಲಿಸುವುದು, ಮೋಡವಿಲ್ಲದ ಬಿಸಿಲು ದಿನ, ಕೊಯ್ದ ಸೊಪ್ಪನ್ನು ಕೆಲವು ಗಂಟೆ ಬಾಡಿಸುವುದು: ನಿಜವಾದ ಗುರುತುಗಳು, ಕ್ರಮಗಳು ಇವು. ಕೈಪಿಡಿಗಳು ಇವನ್ನೂ ಹೇಳುತ್ತವೆ, ಆದರೆ ದಿನಗಣನೆಯ ಕೆಳಗೆ, ಬಾಲಂಗೋಚಿಯಂತೆ. ಮುಂದಿನ ಮುದ್ರಣದಲ್ಲಿ ಇವು ಮೇಲೆ ಬರಲಿ, ದಿನದ ಲೆಕ್ಕ ಕೆಳಗಿಳಿಯಲಿ.