ಭೂಕಂಪಕ್ಕೆ ಮುಹೂರ್ತ ಉಂಟೆ?

ಅಮೆರಿಕದ ಭೂಕಂಪಶಾಸ್ತ್ರಜ್ಞೆ ಸೂಸನ್ ಹಫ್ ಅವರ ‘ಪ್ರೆಡಿಕ್ಟಿಂಗ್ ದಿ ಅನ್‌ಪ್ರೆಡಿಕ್ಟಬಲ್’ (2010), ಭೂಕಂಪದ ದಿನವನ್ನು ಮುಂಚಿತವಾಗಿ ಹೇಳಲು ವಿಜ್ಞಾನಿಗಳು ಪಟ್ಟ ಪಾಡಿನ ಕಥೆ. ಇಂಗ್ಲಿಷ್ ಬಲ್ಲ ನಮ್ಮ ಸಂಘದ ಬಂಧುಗಳು ಓದಬೇಕಾದ ಗ್ರಂಥ. ಆದರೂ ಒಂದು ಕೊರತೆಯನ್ನು ಹೇಳದೆ ಇರಲಾರೆವು.

ಗ್ರಂಥದ ದೊಡ್ಡ ಗುಣ ಅದರ ಪ್ರಾಮಾಣಿಕತೆ. 1975ರ ಫೆಬ್ರವರಿಯಲ್ಲಿ ಚೀನಾದ ಹೈಚೆಂಗ್ ಪ್ರದೇಶದಲ್ಲಿ ಸಣ್ಣಪುಟ್ಟ ಕಂಪನಗಳನ್ನು ಕಂಡು ಜನರನ್ನು ಮನೆಗಳಿಂದ ಹೊರಡಿಸಿದರು. ಕಂಪ ಬಂತು, ಬಹಳ ಜೀವಗಳು ಉಳಿದವು. ಮರುವರ್ಷ ಜುಲೈ 28ರ ಬೆಳಗಿನ ಜಾವ ತಾಂಗ್‌ಶಾನ್ ನಗರ ನೆಲಸಮವಾಯಿತು. ಅಧಿಕೃತ ಲೆಕ್ಕದಲ್ಲೇ 2,40,000ಕ್ಕೂ ಹೆಚ್ಚು ಸಾವು. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ ಸುಮಾರು 22 ವರ್ಷಕ್ಕೊಮ್ಮೆ ನೆಲ ನಡುಗುತ್ತದೆಂದು ಲೆಕ್ಕ ಹಾಕಿ, 1993ರೊಳಗೆ ಬರುವುದೆಂದು ಉಪಕರಣಗಳನ್ನು ಹೂಡಿ ಕಾದರು. ಬಂದದ್ದು 2004ರಲ್ಲಿ, ಯಾವ ಸ್ಪಷ್ಟ ಮುನ್ಸೂಚನೆಯೂ ಇಲ್ಲದೆ.

ನಮ್ಮ ಮನಸ್ಸು ಹಿಡಿದದ್ದು ಬ್ರಯಾನ್ ಬ್ರೇಡಿ ಅವರ ಪ್ರಸಂಗ. ಗಣಿಗಳಲ್ಲಿ ಬಂಡೆ ಸಿಡಿಯುವುದನ್ನು ಅಭ್ಯಾಸ ಮಾಡಿದ ಭೌತವಿಜ್ಞಾನಿ ಇವರು. (ಕೋಲಾರದ ಚಿನ್ನದ ಗಣಿಗಳ ಆಳದಲ್ಲಿ ಹೀಗೆ ಬಂಡೆ ಸಿಡಿದು ಕಾರ್ಮಿಕರು ಸತ್ತದ್ದನ್ನು ಬಲ್ಲ ಕನ್ನಡಿಗರಿಗೆ ವಿಷಯ ಹೊಸದಲ್ಲ.) ಬಂಡೆ ಚಿಕ್ಕದಿರಲಿ ದೊಡ್ಡದಿರಲಿ ಒಡೆಯುವ ನಿಯಮ ಒಂದೇ ಎಂದು ನಂಬಿ, 1981ರಲ್ಲಿ ಪೆರು ದೇಶದ ಕರಾವಳಿಯಲ್ಲಿ ಮಹಾಕಂಪವಾಗುವುದೆಂದು ಸಾರಿದರು. ಪರಿಣತರ ಸಮಿತಿ ಒಪ್ಪಲಿಲ್ಲ. ಲೀಮಾ ನಗರದ ಜನ ನಡುಗಿದರು, ನೆಲ ನಡುಗಲಿಲ್ಲ.

ಕೊರತೆ ಇರುವುದು ಇಲ್ಲೇ. ಲೇಖಕಿ ಮನುಷ್ಯರ ಕಥೆಯನ್ನು ಹೇಳಿದಷ್ಟು ವಿಸ್ತಾರವಾಗಿ ಬಂಡೆಯ ಕಥೆಯನ್ನು ಹೇಳುವುದಿಲ್ಲ. ಒತ್ತಿಹಿಡಿದ ಕಲ್ಲುಗಳು ಅಂಟಿ ನಿಂತು ಥಟ್ಟನೆ ಜಾರುತ್ತವೆ, ಭೂಕಂಪವೂ ಹೀಗೆಯೇ ಇರಬಹುದು ಎಂದು ಬ್ರೇಸ್ ಮತ್ತು ಬೈಯರ್ಲಿ 1966ರಲ್ಲಿ ತೋರಿಸಿದರು. ಭಾರದ ಬೀರುವನ್ನು ಎಳೆದಾಗ ತಡೆತಡೆದು ಜರುಗುವುದಿಲ್ಲವೆ, ಹಾಗೆ. ಪ್ರಯೋಗಾಲಯದಲ್ಲಾದರೆ ಹೇರಿದ ಭಾರ ಎಷ್ಟೆಂದು ಗೊತ್ತು. ಹತ್ತು ಕಿಲೋಮೀಟರ್ ಆಳದ ಬಿರುಕಿನಲ್ಲಿ ಒತ್ತಡವೆಷ್ಟು, ಘರ್ಷಣೆಯೆಷ್ಟು, ನೀರಿನ ಪಾತ್ರವೇನು ಎಂಬುದನ್ನು ಅಡಿ ಅಡಿಗೂ ಅಳೆಯುವವರಾರು? ಜಾರತೊಡಗಿದ್ದು ಅಲ್ಲೇ ನಿಲ್ಲುವುದೋ, ನೂರು ಕಿಲೋಮೀಟರ್ ಹರಿಯುವುದೋ ಎಂಬುದು ಮುಂದಿರುವ ಬಂಡೆಯ ಸ್ಥಿತಿಗೆ ಬಿಟ್ಟದ್ದು. ಇದನ್ನು ಇನ್ನಷ್ಟು ಬಿಡಿಸಿ ಹೇಳಿದ್ದರೆ, ಸೋಲು ವಿಜ್ಞಾನಿಗಳ ಅಜಾಗರೂಕತೆಯಿಂದಲ್ಲ, ಸಮಸ್ಯೆಯ ಸ್ವಭಾವದಿಂದ ಬಂದದ್ದೆಂದು ಸಾಮಾನ್ಯ ವಾಚಕನಿಗೂ ತಿಳಿಯುತ್ತಿತ್ತು. ನಮ್ಮಂಥ ಗುಮಾಸ್ತರು ಕಡತಕ್ಕೆ ಗಡುವು ಹಾಕಬಹುದು, ಬಂಡೆಗೆ ಹಾಕಲಾಗದು.

ಇದು ಪಂಡಿತರ ಚರ್ಚೆ ಮಾತ್ರವಲ್ಲ. 1993ರ ಸೆಪ್ಟೆಂಬರ್ 30ರಂದು ಲಾತೂರ್ ಜಿಲ್ಲೆಯ ಕಿಲ್ಲಾರಿಯ ಸುತ್ತ ಸಾವಿರಾರು ಜನ ಸತ್ತದ್ದು ಬಹುಮಟ್ಟಿಗೆ ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳು ಮತ್ತು ಭಾರವಾದ ಮಾಳಿಗೆಗಳು ಮಲಗಿದವರ ಮೇಲೆ ಬಿದ್ದದ್ದರಿಂದ. ಭೂಕಂಪ ತಾಳುವ ಕಟ್ಟಡಕ್ಕೆ ಭಾರತೀಯ ಮಾನಕ ಐ.ಎಸ್. 1893 ಮೊದಲು ಬಂದದ್ದು 1962ರಲ್ಲೇ. ಪರಸ್ಥಳದಲ್ಲಿ ಸಾಲ ಮಾಡಿ ಮನೆ ಕೊಳ್ಳುವ ನಾವು ಭೂಕಂಪದ ದಿನಾಂಕ ಕೇಳುವುದನ್ನು ಬಿಟ್ಟು, ಕಟ್ಟಡ ಆ ಮಾನಕದಂತೆ ಎದ್ದಿದೆಯೇ ಎಂದು ಕೇಳುವುದು ಲೇಸು.